ನಿಲ್ಲಿಸಲಾಗದ ಗ್ರಿಡ್ ಮೇಲೆ ಹೊಸ ತಂತ್ರಜ್ಞಾನದ ಪರೀಕ್ಷೆ ಹೇಗೆ ನಡೆಯುತ್ತದೆ?

ವಿದ್ಯುತ್ ಗ್ರಿಡ್ಡನ್ನು ಪರೀಕ್ಷೆಗೆಂದು ಒಂದು ದಿನ ಬಂದ್ ಮಾಡಲು ಆಗುವುದಿಲ್ಲ. ಆಸ್ಪತ್ರೆ, ನೀರಿನ ಪಂಪು, ಮೊಬೈಲ್ ಟವರು, ರೈಲು ಎಲ್ಲವೂ ಅದೇ ತಂತಿಯನ್ನು ನಂಬಿಕೊಂಡಿವೆ. ಇದ್ದದ್ದನ್ನು ಇದ್ದಂತೆಯೇ ಬಿಡಲೂ ಆಗುವುದಿಲ್ಲ. ಛಾವಣಿಗಳ ಮೇಲೆ ಸೋಲಾರ್ ಪ್ಯಾನೆಲ್‌ಗಳು ಬಂದಿವೆ, ರಾತ್ರಿಯಿಡೀ ಚಾರ್ಜ್ ಆಗುವ ಕಾರುಗಳು ಬಂದಿವೆ, ಗಾಳಿ ಬೀಸಿದಾಗ ಮಾತ್ರ ತಿರುಗುವ ಯಂತ್ರಗಳು ಬಂದಿವೆ. ಮೊದಲೆಲ್ಲ ಕರೆಂಟು ಸ್ಥಾವರದಿಂದ ಮನೆಯ ಕಡೆಗೆ ಮಾತ್ರ ಹರಿಯುತ್ತಿತ್ತು. ಈಗ ಮಧ್ಯಾಹ್ನ ಒಂದು ದಿಕ್ಕು, ಸಂಜೆ ಇನ್ನೊಂದು ದಿಕ್ಕು. ಇದನ್ನು ಸಂಭಾಳಿಸಲು ಸ್ಮಾರ್ಟ್ ಮೀಟರುಗಳು ಬೇಕು, ತಾವಾಗಿಯೇ ತೆರೆದು ಮುಚ್ಚುವ ಸ್ವಿಚ್ಚುಗಳು ಬೇಕು, ವೋಲ್ಟೇಜನ್ನು ಕ್ಷಣಕ್ಷಣಕ್ಕೂ ಸರಿಪಡಿಸುವ ಸಾಫ್ಟ್‌ವೇರ್ ಬೇಕು. ಇವನ್ನೆಲ್ಲ ಕೊನೆಗೆ ಪರೀಕ್ಷಿಸಬೇಕಾದದ್ದು ಜನ ಬಳಸುತ್ತಿರುವ ಅದೇ ಜಾಲದ ಮೇಲೆ.

ಸಾಧನ ಕೆಲಸ ಮಾಡುತ್ತದೋ ಇಲ್ಲವೋ ಎಂದು ನೋಡುವುದು ಇದರಲ್ಲಿ ಸುಲಭದ ಭಾಗ. ಜಾಲಕ್ಕೆ ಪೆಟ್ಟು ಬಿದ್ದ ಹೊತ್ತಲ್ಲಿ, ಸುತ್ತಲಿನ ಸಾವಿರಾರು ಸಾಧನಗಳ ನಡುವೆ ಅದು ಏನು ಮಾಡುತ್ತದೆ ಎಂದು ಮೊದಲೇ ತಿಳಿಯುವುದು ಕಷ್ಟ. ನನ್ನ ಪ್ರಕಾರ ಸ್ಮಾರ್ಟ್ ಗ್ರಿಡ್ ಪರೀಕ್ಷೆ ಎಂದರೆ ಮುಖ್ಯವಾಗಿ ಕೆಟ್ಟ ದಿನದ ಪರೀಕ್ಷೆ.

2016ರ ಆಗಸ್ಟ್ 16ರಂದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಆದದ್ದನ್ನೇ ನೋಡಿ. ಬ್ಲೂ ಕಟ್ ಎಂದು ಹೆಸರಾದ ಕಾಳ್ಗಿಚ್ಚು ದೊಡ್ಡ ಪ್ರಸರಣ ಲೈನುಗಳ ಕೆಳಗೆ ಹಬ್ಬಿತು. ಲೈನುಗಳಲ್ಲಿ ಮತ್ತೆ ಮತ್ತೆ ಫಾಲ್ಟ್ ಆಯಿತು, ಅಂದರೆ ಕರೆಂಟು ದಾರಿ ತಪ್ಪಿ ಹರಿಯಿತು. ತೊಂದರೆ ಕಂಡರೆ ಲೈನು ಕಡಿಯಲು ಆದೇಶ ಕೊಡುವ ರಿಲೇಗಳು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದವು, ಕಣ್ಣು ಮಿಟುಕಿಸುವುದರೊಳಗೆ ಫಾಲ್ಟ್ ಕಡಿದುಹಾಕಿದವು. ಆದರೂ ಒಂದು ಫಾಲ್ಟಿನ ಹೊತ್ತಿಗೆ ಸುಮಾರು 1,200 ಮೆಗಾವ್ಯಾಟ್ ಸೋಲಾರ್ ಉತ್ಪಾದನೆ ಒಮ್ಮೆಲೇ ಮಾಯವಾಯಿತು. ಆ ಸೋಲಾರ್ ಘಟಕಗಳಿಗೂ ಬೆಂಕಿಗೂ ಸಂಬಂಧವೇ ಇರಲಿಲ್ಲ. ಫಾಲ್ಟ್ ಆದಾಗ ವೋಲ್ಟೇಜಿನ ಅಲೆ ಒಂದು ಕ್ಷಣ ವಿಕಾರವಾಗುತ್ತದೆ. ಆ ವಿಕಾರವಾದ ಅಲೆಯನ್ನು ಅಳೆದ ಅನೇಕ ಇನ್‌ವರ್ಟರುಗಳು (ಪ್ಯಾನೆಲ್ಲಿನ ಕರೆಂಟನ್ನು ಜಾಲಕ್ಕೆ ಹೊಂದುವಂತೆ ಬದಲಿಸುವ ಸಾಧನಗಳು) ಫ್ರೀಕ್ವೆನ್ಸಿ (ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬುದು, ಅಲ್ಲಿ ಮಾಮೂಲಿಯಾಗಿ 60 ಹರ್ಟ್ಜ್) 57 ಹರ್ಟ್ಜ್‌ಗಿಂತ ಕೆಳಗೆ ಬಿದ್ದಿದೆ ಎಂದು ಲೆಕ್ಕ ಹಾಕಿ, ತಕ್ಷಣ ಜಾಲದಿಂದ ಕಳಚಿಕೊಂಡವು. ನಿಜವಾದ ಫ್ರೀಕ್ವೆನ್ಸಿ 59.8ಕ್ಕಿಂತ ಕೆಳಗೆ ಇಳಿದಿರಲೇ ಇಲ್ಲ. ಇನ್ನಷ್ಟು ಇನ್‌ವರ್ಟರುಗಳು ವೋಲ್ಟೇಜ್ ಕುಸಿದದ್ದನ್ನು ಕಂಡು, ತಮಗೆ ಹೇಳಿಕೊಟ್ಟಂತೆ, ಕರೆಂಟು ಕೊಡುವುದನ್ನು ನಿಲ್ಲಿಸಿದವು. ಒಂದೊಂದನ್ನೇ ತೆಗೆದು ನೋಡಿದರೆ ಯಾವುದೂ ಕೆಟ್ಟಿರಲಿಲ್ಲ. ಎಲ್ಲವೂ ಒಂದೇ ಹೊತ್ತಿಗೆ ಕೈಬಿಟ್ಟವು, ಅಷ್ಟೇ.

ಲ್ಯಾಬಿನಲ್ಲಿ ಗ್ರಿಡ್ಡನ್ನೇ ಕಟ್ಟುವುದು

ಇಂಥದ್ದನ್ನು ಮೊದಲೇ ಹಿಡಿಯುವುದು ಹೇಗೆ? ಸಾಧನವನ್ನು ನಿಜವಾದ ಲೈನಿಗೆ ಕಟ್ಟಿ, ಬೇಕಂತಲೇ ಫಾಲ್ಟ್ ಮಾಡಿ ನೋಡಬಹುದು. ಅಪರೂಪಕ್ಕೆ ಹಾಗೆ ಮಾಡುವುದೂ ಉಂಟು. ಆದರೆ ಪ್ರತಿ ಹೊಸ ಸಾಧನಕ್ಕೂ ಹಾಗೆ ಮಾಡಿದರೆ ಜನ ಸುಮ್ಮನಿರುತ್ತಾರಾ? ಅದಕ್ಕೇ ಗ್ರಿಡ್ಡನ್ನು ಕಂಪ್ಯೂಟರಿನೊಳಗೆ ಕಟ್ಟಿ, ಸಾಧನವನ್ನು ಮಾತ್ರ ನಿಜವಾದದ್ದನ್ನು ಇಡುತ್ತಾರೆ.

ಇದಕ್ಕೆ ರಿಯಲ್ ಟೈಮ್ ಸಿಮ್ಯುಲೇಟರ್ ಎನ್ನುತ್ತಾರೆ. 1980ರ ದಶಕದಲ್ಲಿ ಕೆನಡಾದ ಮ್ಯಾನಿಟೋಬಾದಲ್ಲಿ ಇಂಥ ಯಂತ್ರಗಳ ಮೇಲೆ ದೊಡ್ಡ ಕೆಲಸ ನಡೆಯಿತು. ಇದರೊಳಗೆ ಲೈನು, ಟ್ರಾನ್ಸ್‌ಫಾರ್ಮರ್, ಜನರೇಟರ್, ಲೋಡ್ (ಕರೆಂಟು ಬಳಸುವ ಉಪಕರಣಗಳು) ಎಲ್ಲವೂ ಸಮೀಕರಣಗಳ ರೂಪದಲ್ಲಿ ಇರುತ್ತವೆ. ಸಾಮಾನ್ಯವಾಗಿ 50 ಮೈಕ್ರೋಸೆಕೆಂಡಿಗೊಮ್ಮೆ ಇಡೀ ಜಾಲದ ಸ್ಥಿತಿಯನ್ನು ಹೊಸದಾಗಿ ಲೆಕ್ಕ ಹಾಕುತ್ತದೆ. ಅಂದರೆ ಒಂದು ಸೆಕೆಂಡಿಗೆ 20,000 ಸಲ. ಆ ಲೆಕ್ಕದಿಂದ ಬಂದ ವೋಲ್ಟೇಜು, ಕರೆಂಟುಗಳನ್ನು ಆಂಪ್ಲಿಫಯರ್ ಮೂಲಕ ನಿಜವಾದ ಸಿಗ್ನಲ್ ಮಾಡಿ ಸಾಧನಕ್ಕೆ ಕೊಡುತ್ತಾರೆ. ಬ್ರೇಕರ್ ಎಂದರೆ ಲೈನು ಕಡಿಯುವ ದೊಡ್ಡ ಸ್ವಿಚ್ಚು, ತೆರೆದರೆ ಕರೆಂಟು ನಿಲ್ಲುತ್ತದೆ, ಮುಚ್ಚಿದರೆ ಹರಿಯುತ್ತದೆ. ಸಾಧನ ‘ಬ್ರೇಕರ್ ತೆರೆ’ ಎಂದರೆ ಆ ಆದೇಶ ವಾಪಸ್ ಸಿಮ್ಯುಲೇಟರಿಗೆ ಹೋಗುತ್ತದೆ, ಒಳಗಿನ ಬ್ರೇಕರ್ ತೆರೆಯುತ್ತದೆ, ಜಾಲ ಬದಲಾಗುತ್ತದೆ, ಹೊಸ ವೋಲ್ಟೇಜ್ ಮತ್ತೆ ಸಾಧನಕ್ಕೆ ಬರುತ್ತದೆ. ತಾನು ಕೂತಿರುವುದು ಲ್ಯಾಬಿನಲ್ಲೋ ಸಬ್‌ಸ್ಟೇಷನ್ನಿನಲ್ಲೋ ಎಂದು ಸಾಧನಕ್ಕೆ ತಿಳಿಯುವುದೇ ಇಲ್ಲ.

ಇಲ್ಲಿ ಬೇಕಾದಷ್ಟು ಸಿಡಿಲು ಬೀಳಿಸಬಹುದು, ಎರಡು ಲೈನುಗಳನ್ನು ಒಟ್ಟಿಗೆ ಕಡಿಯಬಹುದು, ಅದೇ ಹೊತ್ತಿಗೆ ಸಂಪರ್ಕ ಜಾಲವನ್ನೂ ಕೆಡಿಸಬಹುದು. ಯಾರ ಮನೆಯ ದೀಪವೂ ಆರುವುದಿಲ್ಲ.

ಆದರೆ ಸಿಮ್ಯುಲೇಟರಿಗೆ ನಾವು ಹೇಳಿಕೊಟ್ಟ ಗ್ರಿಡ್ ಮಾತ್ರ ಗೊತ್ತು. ಲೈನಿನ ಉದ್ದ ತಪ್ಪಾಗಿ ನಮೂದಾಗಿದ್ದರೆ, ಯಾರೋ ಸ್ಥಳದಲ್ಲಿ ಒಂದು ಸೆಟ್ಟಿಂಗ್ ಬದಲಿಸಿ ನಕ್ಷೆಯಲ್ಲಿ ಬರೆಯದೇ ಬಿಟ್ಟಿದ್ದರೆ, ಲ್ಯಾಬಿನ ಫಲಿತಾಂಶ ಎಷ್ಟೇ ಚೆನ್ನಾಗಿ ಬಂದರೂ ಅದು ಬೇರೆ ಯಾವುದೋ ಗ್ರಿಡ್ಡಿನ ಫಲಿತಾಂಶವಾಗಿರುತ್ತದೆ. ಹಾಗಾಗಿ ಪರೀಕ್ಷೆ ಶುರುವಾಗುವ ಮುಂಚೆ ಎಂಜಿನಿಯರುಗಳ ಸಮಯ ಜಾಸ್ತಿ ಹೋಗುವುದು ಕಂಬ, ಸ್ವಿಚ್ಚು, ಟ್ರಾನ್ಸ್‌ಫಾರ್ಮರ್‌ಗಳ ದಾಖಲೆ ಸರಿಪಡಿಸುವುದರಲ್ಲಿ. ಕೇಳಲು ಸಪ್ಪೆ ಕೆಲಸ. ಅದಿಲ್ಲದೆ ಮುಂದಿನದ್ದೆಲ್ಲ ವ್ಯರ್ಥ.

ಸಬ್‌ಸ್ಟೇಷನ್ನಿನೊಳಗೆ

ಲ್ಯಾಬಿನಿಂದ ಪಾಸಾದ ರಿಲೇ ಸಬ್‌ಸ್ಟೇಷನ್ನಿಗೆ ಬರುತ್ತದೆ. ಅಲ್ಲಿಂದ ಊರಿಗೆ ಕರೆಂಟು ಒಯ್ಯುವ ಲೈನಿನಲ್ಲಿ, ಅಂದರೆ ಫೀಡರಿನಲ್ಲಿ, ನೂರಾರು ಆಂಪಿಯರ್ ಹರಿಯುತ್ತಿರುತ್ತದೆ. ಅಷ್ಟು ಕರೆಂಟನ್ನು ನೇರವಾಗಿ ರಿಲೇಗೆ ಕೊಡಲು ಆಗುವುದಿಲ್ಲ. ಮಧ್ಯೆ ಕರೆಂಟ್ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಎಲ್ಲರೂ ಅದನ್ನು ಸಿಟಿ ಎನ್ನುತ್ತಾರೆ. ಸಿಟಿಯ ಅನುಪಾತ 400ಕ್ಕೆ 1 ಎಂದಿಟ್ಟುಕೊಳ್ಳಿ. ಲೈನಿನಲ್ಲಿ 400 ಆಂಪಿಯರ್ ಹರಿದರೆ ರಿಲೇಗೆ ಕಾಣುವುದು 1 ಆಂಪಿಯರ್. ಪರೀಕ್ಷಕರು ಇದನ್ನೇ ಬಳಸಿಕೊಳ್ಳುತ್ತಾರೆ. ಸಿಟಿಯಿಂದ ಬರುವ ತಂತಿಯನ್ನು ಟೆಸ್ಟ್ ಬ್ಲಾಕಿನಲ್ಲಿ ಬೇರ್ಪಡಿಸಿ, ತಮ್ಮ ಟೆಸ್ಟ್ ಕಿಟ್‌ನಿಂದ ರಿಲೇಗೆ 6 ಆಂಪಿಯರ್ ಕೊಡುತ್ತಾರೆ. ಲೈನಿನಲ್ಲಿ 2,400 ಆಂಪಿಯರ್ ಹರಿಯುತ್ತಿದೆ ಎಂದು ರಿಲೇ ನಂಬುತ್ತದೆ, ಟ್ರಿಪ್ ಆದೇಶ ಕೊಡುತ್ತದೆ. ಎಷ್ಟು ಮಿಲಿಸೆಕೆಂಡ್ ತೆಗೆದುಕೊಂಡಿತು ಎಂದು ಕಿಟ್ ಅಳೆದುಕೊಳ್ಳುತ್ತದೆ.

ಇದರಲ್ಲಿ ಒಂದು ಅಪಾಯವಿದೆ. ಲೈನು ಚಾಲೂ ಇರುವಾಗ ಸಿಟಿಯ ಎರಡನೇ ಬದಿಯ ತಂತಿಯನ್ನು ತೆರೆದು ಬಿಟ್ಟರೆ ಅಲ್ಲಿ ಸಾವಿರಾರು ವೋಲ್ಟ್ ಹುಟ್ಟಬಹುದು. ಆದ್ದರಿಂದ ಮೊದಲು ಅದರ ಎರಡು ತುದಿಗಳನ್ನು ಒಂದಕ್ಕೊಂದು ಜೋಡಿಸಿ ಶಾರ್ಟ್ ಮಾಡಬೇಕು, ಆಮೇಲೆ ಬಿಚ್ಚಬೇಕು. ಆ ಕ್ರಮ ತಪ್ಪಿದರೆ ಪ್ರಾಣಕ್ಕೇ ಅಪಾಯ. ಹೊಸ ತಂತ್ರಜ್ಞಾನ ಎಷ್ಟೇ ಸ್ಮಾರ್ಟ್ ಆಗಿರಲಿ, ಅದನ್ನು ಪರೀಕ್ಷಿಸುವವರ ಕೈ ಈ ಹಳೆಯ ತಂತಿಗಳ ಮೇಲೆಯೇ ಇರುತ್ತದೆ.

ಈ ಹಂತ ಮುಗಿದರೂ ಹೊಸ ವ್ಯವಸ್ಥೆಯ ಕೈಗೆ ಬ್ರೇಕರ್ ಕೊಡುವುದಿಲ್ಲ. ಅದು ಸುಮ್ನೆ ನೋಡುತ್ತಾ ಇರಬೇಕು. ಜಾಲದ ಎಲ್ಲ ಅಳತೆಗಳೂ ಅದಕ್ಕೆ ಬರುತ್ತವೆ, ಅದು ತೀರ್ಮಾನವನ್ನೂ ಮಾಡುತ್ತದೆ, ಆದರೆ ಆದೇಶ ಹೋಗುವ ತಂತಿ ಕಡಿದಿರುತ್ತದೆ. ‘ನನ್ನ ಕೈಯಲ್ಲಿ ಇದ್ದಿದ್ದರೆ ಈಗ ಈ ಸ್ವಿಚ್ ತೆರೆಯುತ್ತಿದ್ದೆ’ ಎಂದು ಬರೆದಿಡುತ್ತದೆ. ಆಪರೇಟರ್ ನಿಜವಾಗಿ ಮಾಡಿದ್ದರ ಪಕ್ಕ ಅದನ್ನಿಟ್ಟು ಹೋಲಿಸುತ್ತಾರೆ. ಮಳೆಗಾಲ, ಬೇಸಿಗೆ, ಹಬ್ಬದ ರಾತ್ರಿ ಎಲ್ಲವನ್ನೂ ಅದು ಹೀಗೆ ನೋಡಿ ಮುಗಿಸುವುದು ಒಳ್ಳೆಯದು. ಆಮೇಲೆ ಸಲಹೆ ಕೊಡುವ ಹಂತ: ಅದು ಹೇಳುತ್ತದೆ, ಆಪರೇಟರ್ ಒಪ್ಪಿದರೆ ಮಾತ್ರ ನಡೆಯುತ್ತದೆ. ತಾನಾಗಿಯೇ ಮಾಡುವ ಅಧಿಕಾರ ಕೊನೆಗೆ, ಅದೂ ಮೊದಲು ಒಂದೇ ಒಂದು ಫೀಡರಿನಲ್ಲಿ. ಈ ಸುಮ್ನೆ ನೋಡುವ ಹಂತವನ್ನು ಅವಸರದಲ್ಲಿ ಮೊಟಕು ಮಾಡುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ಇಷ್ಟು ಕಡಿಮೆ ಅಪಾಯದಲ್ಲಿ ಇಷ್ಟು ಕಲಿಸುವ ಪರೀಕ್ಷೆ ಬೇರೊಂದಿಲ್ಲ.

ಒಂದು ಕೊಂಬೆ ಬಿದ್ದಾಗ

ತಾನಾಗಿಯೇ ಸರಿಪಡಿಸಿಕೊಳ್ಳುವ ಫೀಡರ್ ಎಂಬುದನ್ನು ಹತ್ತಿರದಿಂದ ನೋಡೋಣ. ಒಂದು ಫೀಡರಿನಲ್ಲಿ ಮೂರು ತುಂಡುಗಳಿವೆ, ನಡುನಡುವೆ ದೂರದಿಂದ ನಡೆಸಬಹುದಾದ ಸ್ವಿಚ್ಚುಗಳಿವೆ. ತುದಿಯಲ್ಲಿ ಇನ್ನೊಂದು ಟೈ ಸ್ವಿಚ್, ಮಾಮೂಲಿಯಾಗಿ ತೆರೆದಿರುತ್ತದೆ. ಅದನ್ನು ಮುಚ್ಚಿದರೆ ಪಕ್ಕದ ಫೀಡರಿನಿಂದ ಕರೆಂಟು ತೆಗೆದುಕೊಳ್ಳಬಹುದು.

ನಡುವಿನ ತುಂಡಿನ ಮೇಲೆ ಕೊಂಬೆ ಬೀಳುತ್ತದೆ. ಸಬ್‌ಸ್ಟೇಷನ್ನಿನ ಬ್ರೇಕರ್ ಟ್ರಿಪ್ ಆಗುತ್ತದೆ. ಕ್ಷಣ ಬಿಟ್ಟು ಒಂದೆರಡು ಸಲ ಮತ್ತೆ ಮುಚ್ಚಿ ನೋಡುತ್ತದೆ, ಏಕೆಂದರೆ ಮೇಲೆ ಹಾದುಹೋಗುವ ಲೈನುಗಳಲ್ಲಿ ಹೆಚ್ಚಿನ ಫಾಲ್ಟುಗಳು ತಾತ್ಕಾಲಿಕ. ಕೊಂಬೆ ಅಲ್ಲೇ ಸಿಕ್ಕಿಕೊಂಡಿದ್ದರೆ ಬ್ರೇಕರ್ ತೆರೆದೇ ಉಳಿಯುತ್ತದೆ. ಆಗ ವ್ಯವಸ್ಥೆ ಪ್ರತಿ ಸ್ವಿಚ್ಚನ್ನೂ ಕೇಳುತ್ತದೆ: ನಿನ್ನ ಮೂಲಕ ಫಾಲ್ಟ್ ಕರೆಂಟು ಹೋಯಿತಾ? ಮೊದಲ ಸ್ವಿಚ್ ಹೌದು ಎನ್ನುತ್ತದೆ, ಎರಡನೆಯದು ಇಲ್ಲ ಎನ್ನುತ್ತದೆ. ಹಾಗಾದರೆ ತೊಂದರೆ ಇವೆರಡರ ನಡುವೆ. ಎರಡನ್ನೂ ತೆರೆದು, ಬ್ರೇಕರ್ ಮುಚ್ಚಿ, ತುದಿಯ ಟೈ ಸ್ವಿಚ್ ಮುಚ್ಚಿದರೆ ಮೊದಲ ಮತ್ತು ಕೊನೆಯ ತುಂಡಿಗೆ ನಿಮಿಷದೊಳಗೆ ಕರೆಂಟು ಬರುತ್ತದೆ. ಮೊದಲಾದರೆ ಲೈನ್‌ಮನ್ ಟಾರ್ಚ್ ಹಿಡಿದು ಇಡೀ ಲೈನು ನಡೆದು ಹುಡುಕಬೇಕಿತ್ತು.

ಕೇಳಲು ಸರಳ. ಪರೀಕ್ಷೆ ಮಾಡುವವರು ಇಲ್ಲಿ ಅಡ್ಡ ಪ್ರಶ್ನೆ ಹಾಕುತ್ತಾರೆ. ಎರಡನೇ ಸ್ವಿಚ್ಚಿನ ಉತ್ತರ ಬರಲೇ ಇಲ್ಲ ಎಂದರೆ? ‘ಫಾಲ್ಟ್ ಕಾಣಲಿಲ್ಲ’ ಎಂಬುದಕ್ಕೂ ‘ಉತ್ತರ ಬರಲಿಲ್ಲ’ ಎಂಬುದಕ್ಕೂ ಇರುವ ವ್ಯತ್ಯಾಸ ಸಾಫ್ಟ್‌ವೇರಿಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ, ಕೊಂಬೆ ಕೊನೆಯ ತುಂಡಿನ ಮೇಲೆ ಬಿದ್ದ ದಿನ ಅದು ಆ ತಂತಿಗೇ ಮತ್ತೆ ಕರೆಂಟು ಹಾಯಿಸುತ್ತದೆ.

ಇನ್ನೊಂದು, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು. ಕೊನೆಯ ತುಂಡಿನ ಮನೆಗಳ ಮೇಲೆ ಸೋಲಾರ್ ಇದೆ. ಕರೆಂಟು ಹೋಗುವ ಮುಂಚೆ ಆ ತುಂಡು ಫೀಡರಿನಿಂದ ಎಳೆಯುತ್ತಿದ್ದದ್ದು 1 ಮೆಗಾವ್ಯಾಟ್. ಪಕ್ಕದ ಫೀಡರಿನಲ್ಲಿ ಒಂದೂವರೆ ಮೆಗಾವ್ಯಾಟ್ ಜಾಗ ಇದೆ. ಸಾಕಲ್ವಾ? ಸಾಲದು. ಆ ಮನೆಗಳ ನಿಜವಾದ ಬಳಕೆ 2 ಮೆಗಾವ್ಯಾಟ್ ಇದ್ದು, ಅರ್ಧವನ್ನು ಸೋಲಾರೇ ಕೊಡುತ್ತಿತ್ತು. ಕರೆಂಟು ಹೋದ ತಕ್ಷಣ ಇನ್‌ವರ್ಟರುಗಳು ಬಂದ್ ಆಗುತ್ತವೆ, ಮತ್ತು ಕರೆಂಟು ವಾಪಸ್ ಬಂದ ಮೇಲೂ ಕೆಲವು ನಿಮಿಷ ಕಾಯುತ್ತವೆ. ಆ ಹೊತ್ತಿಗೆ ಪಕ್ಕದ ಫೀಡರಿನ ಮೇಲೆ ಬೀಳುವುದು ಪೂರ್ತಿ 2 ಮೆಗಾವ್ಯಾಟ್. ಫ್ರಿಜ್ಜು, ಏಸಿಗಳೆಲ್ಲ ಒಟ್ಟಿಗೆ ಚಾಲೂ ಆಗುವುದರಿಂದ ಇನ್ನೂ ಜಾಸ್ತಿ. ಪಕ್ಕದ ಫೀಡರೂ ಟ್ರಿಪ್ ಆಗುತ್ತದೆ. ಕರೆಂಟು ವಾಪಸ್ ಕೊಡಲು ಹೋದ ವ್ಯವಸ್ಥೆ ಎರಡರಷ್ಟು ಮನೆಗಳನ್ನು ಕತ್ತಲಲ್ಲಿ ಇಡುತ್ತದೆ. ಮೋಡ ಕವಿದ ದಿನ ಪರೀಕ್ಷೆ ಮಾಡಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ಕಂಬದ ಮೇಲಿರುವ ಲೈನ್‌ಮನ್ ವಿಷಯದಲ್ಲಂತೂ ರಾಜಿಯೇ ಇಲ್ಲ. ಕೆಲಸಕ್ಕೆಂದು ಕರೆಂಟು ತೆಗೆದು ‘ಲೈನ್ ಕ್ಲಿಯರ್’ ಕೊಟ್ಟ ತುಂಡಿಗೆ ಯಾವ ಸಾಫ್ಟ್‌ವೇರೂ, ಯಾವ ಕಾರಣಕ್ಕೂ ಕರೆಂಟು ಹಾಯಿಸಲು ಸಾಧ್ಯವಾಗಬಾರದು. ಇದನ್ನು ಸ್ಕ್ರೀನಿನ ಮೇಲಿನ ಗುರುತಿಗೆ ಬಿಡುವಂತಿಲ್ಲ. ಸ್ವಿಚ್ಚನ್ನು ಸ್ಥಳದಲ್ಲೇ ‘ಲೋಕಲ್’ಗೆ, ಅಂದರೆ ದೂರದ ಆದೇಶ ಕೇಳದ ಸ್ಥಿತಿಗೆ, ತಿರುಗಿಸಿ, ಬೀಗ ಹಾಕಿ, ಅರ್ತಿಂಗ್ ಮಾಡಿ, ಆಮೇಲೆ ಕಂಟ್ರೋಲ್ ರೂಮಿನಿಂದ ಬೇಕಂತಲೇ ಮುಚ್ಚುವ ಆದೇಶ ಕಳಿಸಿ, ಅದು ತಿರಸ್ಕೃತವಾಗುವುದನ್ನು ಕಣ್ಣಾರೆ ನೋಡಬೇಕು. ಸೋಲಾರ್ ಇನ್‌ವರ್ಟರುಗಳದ್ದೂ ಇದೇ ಕಥೆ. ಜಾಲ ಸತ್ತ ಮೇಲೂ ಅವು ಕರೆಂಟು ಕೊಡುತ್ತಲೇ ಇದ್ದರೆ ಸತ್ತಿದೆ ಎಂದುಕೊಂಡ ತಂತಿಯಲ್ಲಿ ಜೀವ ಇರುತ್ತದೆ. ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ ಐಟ್ರಿಪಲ್‌ಇಯ 1547 ಮಾನದಂಡದ ಪ್ರಕಾರ ಇಂಥ ಸ್ಥಿತಿಯನ್ನು 2 ಸೆಕೆಂಡಿನೊಳಗೆ ಗುರುತಿಸಿ ನಿಲ್ಲಿಸಬೇಕು.

ಹತ್ತು ಮೀಟರ್ ಬೇರೆ, ಹತ್ತು ಸಾವಿರ ಬೇರೆ

ಅನೇಕ ಸ್ಮಾರ್ಟ್ ಮೀಟರುಗಳಲ್ಲಿ ಒಂದು ಒಳ್ಳೆಯ ಗುಣ ಇದೆ. ಕರೆಂಟು ಹೋದಾಗ ಒಳಗಿನ ಕೆಪಾಸಿಟರಿನಲ್ಲಿ ಉಳಿದ ಶಕ್ತಿಯಿಂದ ‘ಇಲ್ಲಿ ಕರೆಂಟು ಹೋಯಿತು’ ಎಂದು ಕೊನೆಯ ಸಂದೇಶ ಕಳಿಸುತ್ತವೆ. ಹತ್ತು ಮೀಟರ್ ಹಾಕಿ ಫ್ಯೂಸ್ ತೆಗೆದರೆ ಹತ್ತೂ ಸಂದೇಶ ಬರುತ್ತವೆ. ಪರೀಕ್ಷೆ ಪಾಸು. ಬಿರುಗಾಳಿಗೆ ಇಡೀ ಪ್ರದೇಶದ ಕರೆಂಟು ಹೋದಾಗ ಮಾತ್ರ ಕಥೆ ಬೇರೆ. ಎಲ್ಲ ಮೀಟರುಗಳೂ ಒಂದೇ ಸೆಕೆಂಡಿನಲ್ಲಿ ಕೂಗಿಕೊಳ್ಳುತ್ತವೆ, ಸಂದೇಶಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಅಕ್ಕಪಕ್ಕದ ಮೀಟರಿನ ಮೂಲಕ ದಾಟಿಕೊಂಡು ಹೋಗುವ ರೇಡಿಯೋ ಜಾಲವಾದರೆ ದಾಟಿಸಬೇಕಾದ ಮೀಟರಿಗೂ ಕರೆಂಟು ಇರುವುದಿಲ್ಲ. ಸಂಖ್ಯೆ ದೊಡ್ಡದಾದಾಗ ಮಾತ್ರ ಕಾಣುವ ಇಂಥ ತೊಂದರೆಗಳಿಗಾಗಿಯೇ ಸಾವಿರಾರು ಮನೆಗಳ ಪೈಲಟ್ ಯೋಜನೆಗಳು ಬೇಕು.

ಅಳತೆಯ ಪರೀಕ್ಷೆಯಲ್ಲೂ ಇಂಥ ಪಾಠ ಸಿಕ್ಕಿದೆ. 2017ರಲ್ಲಿ ಸುದ್ದಿಯಾದ ಪ್ರಯೋಗವೊಂದರಲ್ಲಿ ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ಸಂಶೋಧಕರು 9 ಎಲೆಕ್ಟ್ರಾನಿಕ್ ಮೀಟರುಗಳನ್ನು ಪರೀಕ್ಷಿಸಿದರು. ಬೆಳಕು ಏರಿಳಿಸುವ ಡಿಮ್ಮರ್ ಜೊತೆ ಎಲ್‌ಇಡಿ ಮತ್ತು ಸಿಎಫ್‌ಎಲ್ ಬಲ್ಬುಗಳನ್ನು ಜೋಡಿಸಿದಾಗ 5 ಮೀಟರುಗಳು ನಿಜಕ್ಕಿಂತ ತುಂಬಾ ಜಾಸ್ತಿ ತೋರಿಸಿದವು. ಒಂದರಲ್ಲಂತೂ 582 ಶೇಕಡದವರೆಗೆ ಹೆಚ್ಚು. ಮಾನದಂಡದ ಪರೀಕ್ಷೆ ನಯವಾದ ಅಲೆಯ ಕರೆಂಟನ್ನು ಆಧರಿಸಿತ್ತು. ಡಿಮ್ಮರ್ ಹಾಕಿದ ಲೋಡು ಎಳೆಯುವ ಕರೆಂಟು ಚೂಪು ಚೂಪು ಏಟಿನಂತೆ ಇರುತ್ತದೆ. ಮನೆಗಳಲ್ಲಿ ಇರುವುದು ಆ ಎರಡನೆಯದು. ಕೃತಕ ಲೋಡಿನ ಜೊತೆಗೆ ನಿಜವಾದ, ಗಲೀಜು ಲೋಡನ್ನೂ ಪರೀಕ್ಷೆಗೆ ತರಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಉಳಿತಾಯ ಆಯಿತು ಎಂದು ಹೇಳುವುದು ಹೇಗೆ?

ಕೆಲವು ತಂತ್ರಜ್ಞಾನಗಳಿಂದ ಆಗುವ ಲಾಭ ತೀರಾ ಚಿಕ್ಕದು. ಫೀಡರಿನ ವೋಲ್ಟೇಜನ್ನು ನಿಯಮದ ಮಿತಿಯೊಳಗೇ ಸ್ವಲ್ಪ ಇಳಿಸಿ ಬಳಕೆ ತಗ್ಗಿಸುವುದು ಅಂಥದ್ದು. 1 ಶೇಕಡ ವೋಲ್ಟೇಜ್ ಇಳಿಸಿದರೆ ಬಳಕೆ ಸಾಮಾನ್ಯವಾಗಿ ಅರ್ಧದಿಂದ 1 ಶೇಕಡದಷ್ಟು ಇಳಿಯುತ್ತದೆ. ಬಿಸಿಲು ಸ್ವಲ್ಪ ಏರಿದರೆ ಲೋಡು ಅದಕ್ಕಿಂತ ಎಷ್ಟೋ ಜಾಸ್ತಿ ಏರುತ್ತದೆ. ‘ಕಳೆದ ತಿಂಗಳು ಹಾಕಿದೆವು, ಬಳಕೆ ಇಳಿಯಿತು’ ಎಂದರೆ ಅದು ಏನನ್ನೂ ಸಾಬೀತು ಮಾಡುವುದಿಲ್ಲ.

ಇದಕ್ಕೆ ಬಳಸುವ ಉಪಾಯ ನನಗೆ ತುಂಬಾ ಇಷ್ಟ. ಒಂದು ದಿನ ಚಾಲೂ, ಮರುದಿನ ಬಂದ್, ಹೀಗೆ ತಿಂಗಳುಗಟ್ಟಲೆ. ಅಕ್ಕಪಕ್ಕದ ದಿನಗಳ ಹವಾಮಾನ ಹೆಚ್ಚುಕಡಿಮೆ ಒಂದೇ ಇರುತ್ತದೆ. ಸೋಮವಾರಗಳಲ್ಲಿ ಅರ್ಧ ಚಾಲೂ ಗುಂಪಿಗೆ, ಅರ್ಧ ಬಂದ್ ಗುಂಪಿಗೆ ಬೀಳುತ್ತವೆ. ಎರಡೂ ಗುಂಪುಗಳ ವ್ಯತ್ಯಾಸದಲ್ಲಿ ಆ ಚಿಕ್ಕ ಲಾಭ ಮೆಲ್ಲಗೆ ಎದ್ದು ಕಾಣುತ್ತದೆ. ಎಲ್ಲ ಲೋಡಿನಲ್ಲೂ ಲಾಭ ಇರುವುದಿಲ್ಲ ಎಂದೂ ತಿಳಿಯುತ್ತದೆ. ಥರ್ಮೋಸ್ಟಾಟ್ ಇರುವ ನೀರಿನ ಹೀಟರಿಗೆ ವೋಲ್ಟೇಜ್ ಇಳಿಸಿದರೆ ಅದು ಹೆಚ್ಚು ಹೊತ್ತು ಉರಿಯುತ್ತದೆ, ಅಷ್ಟೇ.

ಇದೇ ಪರೀಕ್ಷೆಯಲ್ಲಿ ಇನ್ನೊಂದು ತೊಂದರೆಯೂ ಹೊರಬೀಳುತ್ತದೆ. ಸಬ್‌ಸ್ಟೇಷನ್ನಿನ ಟ್ಯಾಪ್ ಚೇಂಜರ್ (ಟ್ರಾನ್ಸ್‌ಫಾರ್ಮರಿನ ವೋಲ್ಟೇಜನ್ನು ಹಂತಹಂತವಾಗಿ ಬದಲಿಸುವ ಸಾಧನ) ವೋಲ್ಟೇಜ್ ಇಳಿಸುತ್ತದೆ. ವೋಲ್ಟೇಜ್ ಎತ್ತಿಹಿಡಿಯಲು ಫೀಡರಿನ ತುದಿಯಲ್ಲಿಟ್ಟ ಕೆಪಾಸಿಟರ್ ಬ್ಯಾಂಕ್ ಅದನ್ನು ಕಂಡು ಏರಿಸುತ್ತದೆ. ಏರಿತಲ್ಲ ಎಂದು ಟ್ಯಾಪ್ ಮತ್ತೆ ಇಳಿಸುತ್ತದೆ. ಒಂದೇ ಕೋಣೆಯಲ್ಲಿ ಒಬ್ಬರು ಕಿಟಕಿ ತೆರೆಯುತ್ತಾ, ಇನ್ನೊಬ್ಬರು ಮುಚ್ಚುತ್ತಾ ಕೂತ ಹಾಗೆ. ವೋಲ್ಟೇಜ್ ಮಿತಿಯೊಳಗೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ವರ್ಷಗಟ್ಟಲೆ ಬಾಳಬೇಕಾದ ಟ್ಯಾಪ್ ಚೇಂಜರ್ ಬೇಗ ಸವೆಯುತ್ತದೆ. ದಿನಕ್ಕೆ ಎಷ್ಟು ಸಲ ಟ್ಯಾಪ್ ಬದಲಾಯಿತು ಎಂಬ ಲೆಕ್ಕವನ್ನೂ ಪರೀಕ್ಷೆಯ ವರದಿಯಲ್ಲಿ ಕೇಳಬೇಕು.

ಜನರ ವರ್ತನೆಯೇ ಭಾಗವಾಗಿರುವ ಪರೀಕ್ಷೆಗೆ ಸ್ಥಳದ ಆಯ್ಕೆ ಮುಖ್ಯ. ಡೆನ್ಮಾರ್ಕಿನ ಬೋರ್ನ್‌ಹೋಮ್ ದ್ವೀಪ ಇದಕ್ಕೆ ಒಳ್ಳೆಯ ಉದಾಹರಣೆ. ಸಮುದ್ರದಡಿಯ ಕೇಬಲ್ ಅದನ್ನು ಸ್ವೀಡನ್ನಿಗೆ ಜೋಡಿಸುತ್ತದೆ, ಬೇಕೆಂದಾಗ ದ್ವೀಪವನ್ನು ಪ್ರತ್ಯೇಕವಾಗಿಯೂ ನಡೆಸಬಹುದು. ಅಲ್ಲಿ 2011ರಿಂದ 2015ರವರೆಗೆ ನಡೆದ ಇಕೋಗ್ರಿಡ್ ಯೋಜನೆಯಲ್ಲಿ ಸುಮಾರು 2,000 ಮನೆಗಳು ಸೇರಿದ್ದವು. 5 ನಿಮಿಷಕ್ಕೊಮ್ಮೆ ಬದಲಾಗುವ ಬೆಲೆಗೆ ತಕ್ಕಂತೆ ಮನೆಗಳ ಹೀಟರುಗಳು ಬಳಕೆ ಹೊಂದಿಸಿಕೊಳ್ಳುತ್ತವೆಯೇ ಎಂದು ನೋಡಿದರು.

ವಾಪಸ್ ಬರುವ ದಾರಿ

ಹೊಸದು ಕೈಕೊಟ್ಟರೆ ಹಳೆಯದಕ್ಕೆ ಮರಳುವ ದಾರಿಯನ್ನೂ ಪರೀಕ್ಷಿಸಬೇಕು. ಅದನ್ನು ಕಾಗದದ ಮೇಲೆ ಬರೆದಿಟ್ಟರೆ ಸಾಲದು. 2015ರ ಡಿಸೆಂಬರ್ 23ರಂದು ಉಕ್ರೇನಿನ ಮೂರು ವಿತರಣಾ ಕಂಪನಿಗಳ ಕಂಪ್ಯೂಟರುಗಳಿಗೆ ನುಗ್ಗಿದ ದಾಳಿಕೋರರು ದೂರದಿಂದಲೇ ಬ್ರೇಕರುಗಳನ್ನು ತೆರೆದರು. ಸುಮಾರು 2,25,000 ಗ್ರಾಹಕರಿಗೆ ಕರೆಂಟು ಹೋಯಿತು. ಸಬ್‌ಸ್ಟೇಷನ್ನುಗಳ ಸಂಪರ್ಕ ಸಾಧನಗಳ ಒಳಗಿನ ಸಾಫ್ಟ್‌ವೇರನ್ನೂ ಹಾಳು ಮಾಡಿದ್ದರಿಂದ ಕಂಟ್ರೋಲ್ ರೂಮಿನಿಂದ ಮುಚ್ಚಲು ಆಗಲಿಲ್ಲ. ಸಿಬ್ಬಂದಿ ಗಾಡಿ ಹತ್ತಿ ಸಬ್‌ಸ್ಟೇಷನ್ನಿಂದ ಸಬ್‌ಸ್ಟೇಷನ್ನಿಗೆ ಹೋಗಿ ಕೈಯಿಂದ ಬ್ರೇಕರ್ ಮುಚ್ಚಿದರು. ಕೆಲವೇ ಗಂಟೆಗಳಲ್ಲಿ ಕರೆಂಟು ವಾಪಸ್ ಬಂದದ್ದು ಆ ಹಳೆಯ ಕೌಶಲ ಅವರಲ್ಲಿ ಇನ್ನೂ ಉಳಿದಿತ್ತು ಎಂಬ ಕಾರಣಕ್ಕೆ.

ಪರೀಕ್ಷೆ ಒಮ್ಮೆ ಮುಗಿದರೆ ಮುಗಿಯಿತು ಎಂದೂ ಇಲ್ಲ. ಸಾಫ್ಟ್‌ವೇರ್ ಬದಲಾದರೆ ಸಾಧನವೇ ಬದಲಾದಂತೆ. 2019ರ ಆಗಸ್ಟ್ 9ರ ಸಂಜೆ ಇಂಗ್ಲೆಂಡಿನಲ್ಲಿ ಒಂದು ಪ್ರಸರಣ ಲೈನಿಗೆ ಸಿಡಿಲು ಬಡಿಯಿತು. ಅಂಥ ಸಿಡಿಲು ಮಾಮೂಲು. ಆದರೆ ಹಾರ್ನ್‌ಸೀ ಎಂಬ ಹೊಸ ಸಮುದ್ರ ಗಾಳಿ ಸ್ಥಾವರದ ನಿಯಂತ್ರಣ ವ್ಯವಸ್ಥೆ ವೋಲ್ಟೇಜಿನ ಏರುಪೇರಿಗೆ ಸರಿಯಾಗಿ ಸ್ಪಂದಿಸದೆ 737 ಮೆಗಾವ್ಯಾಟ್ ಕಳೆದುಕೊಂಡಿತು. ಅದೇ ಹೊತ್ತಿಗೆ ಲಿಟಲ್ ಬಾರ್ಫರ್ಡ್ ಅನಿಲ ಸ್ಥಾವರವೂ ಟ್ರಿಪ್ ಆಯಿತು. ಊರೂರಿನ ಸಣ್ಣ ಉತ್ಪಾದನಾ ಘಟಕಗಳೂ ಕಳಚಿಕೊಂಡವು. ಅಲ್ಲಿ ಮಾಮೂಲಿಯಾಗಿ 50 ಹರ್ಟ್ಜ್ ಇರುವ ಫ್ರೀಕ್ವೆನ್ಸಿ 48.8 ಹರ್ಟ್ಜ್‌ಗೆ ಇಳಿದು ಸುಮಾರು 11 ಲಕ್ಷ ಗ್ರಾಹಕರ ಕರೆಂಟನ್ನು ವ್ಯವಸ್ಥೆ ತಾನೇ ಕಡಿದುಹಾಕಿತು. ಮುಕ್ಕಾಲು ಗಂಟೆಯೊಳಗೆ ಎಲ್ಲರಿಗೂ ಕರೆಂಟು ಬಂತು. ಲಂಡನ್ ಸುತ್ತಲಿನ ರೈಲುಗಳು ಮಾತ್ರ ಗಂಟೆಗಟ್ಟಲೆ ನಿಂತಲ್ಲೇ ನಿಂತಿದ್ದವು. ಫ್ರೀಕ್ವೆನ್ಸಿ 49 ಹರ್ಟ್ಜ್‌ಗಿಂತ ಕೆಳಗೆ ಇಳಿದಾಗ ಒಂದು ಬಗೆಯ ರೈಲುಗಳು ತಾವಾಗಿಯೇ ಬಂದ್ ಆದವು. ಅವುಗಳಲ್ಲಿ ಕೆಲವನ್ನು ಚಾಲಕರೇ ಮತ್ತೆ ಚಾಲೂ ಮಾಡಿದರು. ಹೊಸ ಆವೃತ್ತಿಯ ಸಾಫ್ಟ್‌ವೇರ್ ಇದ್ದ ರೈಲುಗಳಿಗೆ ಆ ಸೌಲಭ್ಯ ಇರಲಿಲ್ಲ. ಲ್ಯಾಪ್‌ಟಾಪ್ ಹಿಡಿದ ತಂತ್ರಜ್ಞರು ಒಂದೊಂದೇ ರೈಲಿನ ಬಳಿಗೆ ಬರುವವರೆಗೆ ಪ್ರಯಾಣಿಕರು ಕಾಯಬೇಕಾಯಿತು.

ಇಂಥ ಘಟನೆಗಳ ವೇಳೆ ರಿಲೇಗಳು ವೋಲ್ಟೇಜ್, ಕರೆಂಟುಗಳ ಅಲೆಯನ್ನು ದಾಖಲಿಸಿಕೊಂಡಿರುತ್ತವೆ. ಆ ಕಡತಗಳಿಗೆ ಎಲ್ಲ ಕಂಪನಿಗಳ ಸಾಧನಗಳೂ ಓದಬಲ್ಲ ಸಾಮಾನ್ಯ ರೂಪ ಇದೆ, ಅದರ ಹೆಸರು ಕಾಮ್‌ಟ್ರೇಡ್. ಹಳೆಯ ಫಾಲ್ಟಿನ ಕಡತವನ್ನು ಟೆಸ್ಟ್ ಕಿಟ್‌ಗೆ ಹಾಕಿ, ಅಂದಿನ ಅಲೆಯನ್ನೇ ಇಂದಿನ ಸಾಧನಕ್ಕೆ ಉಣಿಸಬಹುದು. ಹೊಸ ಆವೃತ್ತಿ ಬಂದಾಗಲೆಲ್ಲ, ಒಂದು ಸಾಲು ಕೋಡ್ ಬದಲಾಗಿದ್ದರೂ ಸರಿ, ಈ ಕಡತಗಳನ್ನೆಲ್ಲ ಮತ್ತೆ ಹಾಯಿಸಿ ನೋಡಿದ ಮೇಲೆಯೇ ಅದನ್ನು ಫೀಡರಿಗೆ ಬಿಡಬೇಕು.